ಮುತ್ಯಾನ ಚೆಕ್ಕು, ಮೊಮ್ಮಗಳ ಬ್ಲಾಗು

ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತಾರು ವರ್ಷ ಕೂತವನು ನಾನು. ಈ ಕೈ ದಾಟಿ ಹೋದ ಚೆಕ್ಕುಗಳಿಗೆ ಲೆಕ್ಕವಿಲ್ಲ. 'ಇವರು ಒಂದೇ ಒಂದು ಹಳೆಯ ಚೆಕ್ಕನ್ನೂ ಮುಂದಕ್ಕೆ ಬಿಟ್ಟವರಲ್ಲ' ಎಂದು ನಿವೃತ್ತಿಯ ದಿನ ಮ್ಯಾನೇಜರರು ಹಾರ ಹಾಕಿ ಹೊಗಳಿದ್ದರು. ಅಂಥ ನಾನು ಎಪ್ಪತ್ತು ದಾಟಿದ ಮೇಲೆ, ಶಹಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಒಂದು ಹಳೆಯ ಕಾಗದವನ್ನು ಮುಂದಕ್ಕೆ ಬಿಟ್ಟುಬಿಟ್ಟೆ. ಅದರಿಂದ ಪಕ್ಕದ ಮನೆಯ ಹುಡುಗನ ಒಂದು ವರ್ಷ ಹೋಯಿತು.

ಆದದ್ದು ಇಷ್ಟು. ಮಳೆಗಾಲದ ಒಂದು ಸಂಜೆ. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ನಮ್ಮ ಓಣಿಯ ವಾಟ್ಸ್ಆ್ಯಪ್ ಗುಂಪಿಗೆ ಒಂದು ಸುತ್ತೋಲೆಯ ಫೋಟೋ ಬಂತು. 'ಭಾರಿ ಮಳೆಯ ಕಾರಣ ನಾಳಿನ ಪದವಿ ಪರೀಕ್ಷೆಗಳನ್ನು ಮುಂದೂಡಲಾಗಿದೆ' ಎಂದಿತ್ತು. ಮೊಹರು ಇತ್ತು, ಸಹಿ ಇತ್ತು. ಕನ್ನಡಕ ಒಳಗೆ ಮಂಚದ ಮೇಲಿತ್ತು. ಎದ್ದು ತರಲು ಬೇಸರವಾಗಿ, ದೊಡ್ಡಕ್ಷರ ಓದಿದ್ದೇ ಸಾಕೆಂದು ಹತ್ತು ಜನಕ್ಕೆ ಕಳಿಸಿದೆ. ಅಷ್ಟಕ್ಕೇ ಬಿಡದೆ ಗೋಡೆಯಾಚೆ ಕೂಗಿ, ಕೊನೆಯ ಸೆಮಿಸ್ಟರಿನಲ್ಲಿದ್ದ ಹುಡುಗನಿಗೆ, "ನಾಳಿ ಪರೀಕ್ಷಿ ಇಲ್ಲಪಾ, ಆರಾಮ ಮಲಕೋ" ಎಂದೆ. ಬ್ಯಾಂಕಿನ ಮುತ್ಯಾ ಹೇಳಿದ ಮೇಲೆ ಅನುಮಾನವೇನು? ಹುಡುಗ ಪುಸ್ತಕ ಮುಚ್ಚಿಟ್ಟ.

ಮರುದಿನ ಮಳೆ ನಿಂತಿತ್ತು. ಅವನು ಅಪ್ಪನ ಜೊತೆ ಹೊಲಕ್ಕೆ ಹೋದ. ಹನ್ನೊಂದು ಗಂಟೆಯ ಸುಮಾರಿಗೆ ಗೆಳೆಯನ ಫೋನು ಬಂತಂತೆ: "ಎಲ್ಲಿದ್ದೀಯೋ? ಪೇಪರ್ ಶುರುವಾಗಿ ಒಂದು ತಾಸಾತು." ಆ ಸುತ್ತೋಲೆ ಸುಳ್ಳಲ್ಲ, ನಿಜವಾದದ್ದೇ. ಆದರೆ ಎರಡು ವರ್ಷ ಹಳೆಯದು! ಎಂದೋ ಬಂದ ಮಳೆಗೆ ಎಂದೋ ಹೊರಡಿಸಿದ ಕಾಗದ. ಯಾರೋ ಹುಡುಕಿ ತೆಗೆದು ಹರಿಯಬಿಟ್ಟಿದ್ದರು. ನಾನು ಅದಕ್ಕೆ ಕೈಜೋಡಿಸಿದ್ದೆ.

ಒಂದು ಪೇಪರು ಉಳಿದ ಕಾರಣ ಅವನಿಗೆ ಆ ವರ್ಷ ಬಿ.ಇಡಿ.ಗೆ ಸೇರಲು ಆಗಲಿಲ್ಲ. ಅವನ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಎಂದಿನಂತೆ ಬಿಸಿ ರೊಟ್ಟಿ, ಪುಂಡಿಪಲ್ಯ ಕಳಿಸಿಕೊಟ್ಟಳು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಆ ರಾತ್ರಿ ನನ್ನ ಮೊಮ್ಮಗಳು ಬಂದು ಪಕ್ಕದಲ್ಲಿ ಕೂತಳು. ಅವಳು ಯಾದಗಿರಿಯಲ್ಲಿ ಬಿ.ಎ. ಓದುತ್ತಾಳೆ. ದಿನಾ ಬಸ್ಸಿನಲ್ಲಿ ಭೀಮಾ ಸೇತುವೆ ದಾಟಿ ಹೋಗಿ ಬರುತ್ತಾಳೆ. "ಮುತ್ಯಾ, ಮ್ಯಾಲಿನ ಮೂಲ್ಯಾಗ ತಾರೀಖು ಅದ ನೋಡ್ರಿ" ಎಂದು ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ತೋರಿಸಿದಳು. ಸಾಸಿವೆಯಷ್ಟು ಚಿಕ್ಕದಾಗಿ, ಆದರೆ ಸ್ಪಷ್ಟವಾಗಿ, ತಾರೀಖು ಇತ್ತು.

ಅಂದು ನನಗೆ ಹೊಳೆದ ಮಾತನ್ನೇ ಇಂದು ನಿಮಗೆ ಹೇಳುತ್ತಿದ್ದೇನೆ. ಅಂತರ್ಜಾಲದಲ್ಲಿ ಬರುವ ಪ್ರತಿಯೊಂದು ಬರಹವೂ ಒಂದು ಚೆಕ್ಕಿನ ಹಾಗೆ. ಚೆಕ್ಕು ಕೈಗೆ ಬಂದರೆ ಗುಮಾಸ್ತ ಮುಖ್ಯವಾಗಿ ಮೂರು ಸಂಗತಿ ನೋಡುತ್ತಾನೆ: ತಾರೀಖು ಸರಿಯಿದೆಯೇ? ಸಹಿ ಖಾತೆದಾರನದೇ? ಅಕ್ಷರದಲ್ಲಿ ಬರೆದ ಮೊತ್ತಕ್ಕೂ ಅಂಕೆಯಲ್ಲಿ ಬರೆದ ಮೊತ್ತಕ್ಕೂ ತಾಳೆಯಾಗುತ್ತದೆಯೇ? ಈ ಮೂರು ನೋಡಿದರೆ ಕಾಲೇಜು ಓದುವ ಮಕ್ಕಳಿಗೆ ಅಂತರ್ಜಾಲ ದೊಡ್ಡ ಖಜಾನೆ. ನೋಡದಿದ್ದರೆ ನನ್ನ ಕಥೆಯೇ ಅವರ ಕಥೆ.

ಮೊದಲು ತಾರೀಖು

ಮಕ್ಕಳೇ, ಚೆಕ್ಕಿಗೂ ಆಯುಸ್ಸು ಇರುತ್ತದೆ, ಗೊತ್ತೇ? ಮೊದಲು ಬರೆದ ತಾರೀಖಿನಿಂದ ಆರು ತಿಂಗಳು ನಡೆಯುತ್ತಿತ್ತು. ರಿಸರ್ವ್ ಬ್ಯಾಂಕು 2012ರ ಏಪ್ರಿಲ್ 1ರಿಂದ ಅದನ್ನು ಮೂರು ತಿಂಗಳಿಗೆ ಇಳಿಸಿತು. ಅವಧಿ ಮುಗಿದರೆ ಸಹಿ ಎಷ್ಟೇ ಚೆಂದವಿರಲಿ, ಅದಕ್ಕೆ ಹಣ ಸಿಗದು. ಸುತ್ತೋಲೆಯೂ ಹಾಗೆಯೇ.

ನಾನು ಬಿ.ಕಾಂ. ಓದುವ ಕಾಲದಲ್ಲಿ ಇಂಥ ಗೊಂದಲವಿರಲಿಲ್ಲ, ಏಕೆಂದರೆ ಸುದ್ದಿಯೇ ಇರಲಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ. ಅದಕ್ಕೆ ಮೊದಲು ನಮ್ಮ ಕಡೆಯ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಪರೀಕ್ಷೆಯ ವೇಳಾಪಟ್ಟಿ ನೋಟಿಸ್ ಬೋರ್ಡಿಗೆ ಬಂದರೆ ಅದೇ ವೇದವಾಕ್ಯ. ಗ್ರಂಥಾಲಯದಲ್ಲಿ ಲೆಕ್ಕಶಾಸ್ತ್ರದ ಒಳ್ಳೆಯ ಪುಸ್ತಕ ಒಂದೇ ಪ್ರತಿ. ಅದನ್ನು ಸರದಿಯ ಮೇಲೆ ಒಂದೊಂದು ರಾತ್ರಿಗೆ ಒಯ್ದು, ಕಂದೀಲಿನ ಬೆಳಕಿನಲ್ಲಿ ನಕಲು ಮಾಡಿಕೊಳ್ಳುತ್ತಿದ್ದೆವು.

ಈಗ ಯಾದಗಿರಿ ಜಿಲ್ಲೆಯ ಪದವಿ ಕಾಲೇಜುಗಳು ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸೇರಿವೆ. ಮೊಮ್ಮಗಳು ಅಂಗೈಯಗಲದ ಫೋನಿನಲ್ಲಿ ತೋರಿಸಿದ್ದನ್ನು ನೋಡಿ ನಾನು ಬೆರಗಾದೆ. ಅಂಕಪಟ್ಟಿ ಇಟ್ಟುಕೊಳ್ಳಲು 2015ರಲ್ಲಿ ಬಂದ ಡಿಜಿಲಾಕರ್ ಇದೆ. 2017ರಲ್ಲಿ ಶುರುವಾದ 'ಸ್ವಯಂ' ಎಂಬ ಸರ್ಕಾರದ ತಾಣದಲ್ಲಿ ದೇಶದ ದೊಡ್ಡ ದೊಡ್ಡ ಸಂಸ್ಥೆಗಳ ಪ್ರಾಧ್ಯಾಪಕರ ಪಾಠಗಳನ್ನು ಮನೆಯಲ್ಲಿ ಕೂತು ಕೇಳಬಹುದು. ಪಾಠಕ್ಕೆ ದುಡ್ಡಿಲ್ಲ, ಪ್ರಮಾಣಪತ್ರದ ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇಕಡಾ 40ರವರೆಗೆ ಹೀಗೆ ಕಲಿತದ್ದನ್ನು ಪದವಿಗೆ ಸೇರಿಸಿಕೊಳ್ಳಬಹುದೆಂದು ಯುಜಿಸಿ 2021ರಲ್ಲಿ ನಿಯಮ ಮಾಡಿದೆ. ಖರಗ್‌ಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವೂ ಇದೆ. ನಮಗೆ ಒಂದು ರಾತ್ರಿಗೆ ಒಂದು ಪುಸ್ತಕ. ಇವರಿಗೆ ಒಂದು ಬೆರಳಿಗೆ ಲಕ್ಷಾಂತರ ಪುಸ್ತಕ!

ಆದರೆ ನೋಟಿಸ್ ಬೋರ್ಡಿನ ಹಳೆಯ ಕಾಗದವನ್ನು ಜವಾನ ಕಿತ್ತು ತೆಗೆಯುತ್ತಿದ್ದ. ಅಂತರ್ಜಾಲದಲ್ಲಿ ಕೀಳುವ ಜವಾನನಿಲ್ಲ. ಹಳೆಯದೂ ಹೊಸದೂ ಒಂದೇ ಬಿಳುಪಿನಲ್ಲಿ ಹೊಳೆಯುತ್ತವೆ. ಆದ್ದರಿಂದ ನಮ್ಮ ಮನೆಯಲ್ಲಿ ಈಗ ಒಂದು ಕಟ್ಟಳೆ. ಪರೀಕ್ಷೆ, ಶುಲ್ಕ, ಫಲಿತಾಂಶದ ಯಾವ ಸುದ್ದಿ ಬಂದರೂ ಮೊದಲು ತಾರೀಖು ನೋಡಬೇಕು. ಆಮೇಲೆ ವಿಶ್ವವಿದ್ಯಾಲಯದ ಸ್ವಂತ ತಾಣಕ್ಕೆ ಹೋಗಿ ಅಲ್ಲಿಯೂ ಅದೇ ಇದೆಯೇ ಎಂದು ನೋಡಬೇಕು. ಸಿಗದಿದ್ದರೆ ಕಾಲೇಜಿಗೆ ಫೋನು ಮಾಡಬೇಕು. ಅಲ್ಲಿಯವರೆಗೆ ಯಾರಿಗೂ ಕಳಿಸುವಂತಿಲ್ಲ. ಕನ್ನಡಕ ಹಾಕಿಕೊಳ್ಳದೆ ಫೋನು ಮುಟ್ಟುವಂತಿಲ್ಲ ಎಂಬುದು ನನಗೊಬ್ಬನಿಗೇ ಇರುವ ಹೆಚ್ಚುವರಿ ಕಟ್ಟಳೆ.

ಆಮೇಲೆ ಸಹಿ

ತಾರೀಖಿನ ಪಾಠ ಮೊಮ್ಮಗಳು ನನಗೆ ಹೇಳಿಕೊಟ್ಟಳು. ಸಹಿಯ ಪಾಠ ನಾನು ಅವಳಿಗೆ ಹೇಳಿಕೊಟ್ಟೆ. ಲೆಕ್ಕ ಸರಿಯಾಯಿತು.

ಅವಳ ತರಗತಿಯ ಮಕ್ಕಳೆಲ್ಲ ಸೇರಿ ಒಂದು ಬ್ಲಾಗು ಶುರು ಮಾಡಿದರು. ಬ್ಲಾಗು ಎಂದರೇನು ಎಂದು ನನ್ನ ಓರಗೆಯವರು ಕೇಳಬಹುದು. ಅದು ಎಲ್ಲರೂ ಓದಬಹುದಾದ ಒಂದು ದಿನಚರಿ. ಬರೆದ ಬರಹಕ್ಕೆ ತಾರೀಖು ತಾನೇ ಬೀಳುತ್ತದೆ, ಹೊಸದು ಮೇಲೆ ಬರುತ್ತದೆ, ಹಳೆಯದು ಕೆಳಗೆ ಸರಿಯುತ್ತದೆ. ಬ್ಲಾಗರ್ ಎಂಬ ಸೌಲಭ್ಯ 1999ರಿಂದಲೂ ಇದೆ. 2003ರಲ್ಲಿ ಗೂಗಲ್ ಸಂಸ್ಥೆ ಅದನ್ನು ಕೊಂಡಿತು. ಇಂದಿಗೂ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಯೂನಿಕೋಡ್ ಬಂದ ಮೇಲೆ ಕನ್ನಡದ ಅಕ್ಷರಗಳು ಯಾವ ಊರಿನ, ಯಾವ ಫೋನಿನಲ್ಲಿ ತೆರೆದರೂ ಚೌಕಗಳಾಗದೆ ಅಕ್ಷರಗಳಾಗಿಯೇ ಕಾಣುತ್ತವೆ.

ಪ್ರತಿಯೊಬ್ಬರೂ ನಮ್ಮ ಜಿಲ್ಲೆಯ ಒಂದು ಜಾಗದ ಬಗ್ಗೆ ಬರೆಯಬೇಕು ಎಂದು ಮೇಷ್ಟ್ರು ಹೇಳಿದ್ದರು. ಒಬ್ಬ ಯಾದಗಿರಿಯ ಕೋಟೆ ಆರಿಸಿಕೊಂಡ. ಒಬ್ಬಳು ಶಹಾಪುರದ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ. ಮತ್ತೊಬ್ಬಳು ಸುರಪುರದ ಟೇಲರ್ ಮಂಜಿಲ್. ನಮ್ಮವಳ ಪಾಲಿಗೆ ಬಂದದ್ದು ಶಹಾಪುರದ ಹತ್ತಿರದ ವಿಭೂತಿಹಳ್ಳಿಯ ಕಲ್ಲುಗಳು.

ಈ ಕಲ್ಲುಗಳನ್ನು ನೋಡಿಲ್ಲದವರಿಗೆ ಹೇಳುತ್ತೇನೆ. ಬಯಲಿನಲ್ಲಿ ಗುಂಡುಗಲ್ಲುಗಳನ್ನು ಸಾಲು ಸಾಲಾಗಿ, ನೇಗಿಲ ಸಾಲಿನಷ್ಟೇ ನೇರವಾಗಿ ಇಟ್ಟಿದ್ದಾರೆ. ಬೃಹತ್ ಶಿಲಾ ಸಂಸ್ಕೃತಿಯ ಜನ ಮಾಡಿದ ಕೆಲಸವಿದು. ಭಾರತೀಯ ಪುರಾತತ್ತ್ವ ಇಲಾಖೆ ಇದನ್ನು ಸಂರಕ್ಷಿತ ಸ್ಥಳವೆಂದು ಕಾಯುತ್ತದೆ.

ಅವಳು ಒಂದೇ ಸಂಜೆಯಲ್ಲಿ ಎರಡು ಪುಟ ಬರೆದು ನನಗೆ ಓದಲು ಕೊಟ್ಟಳು. ಭಾಷೆ ಬಹಳ ಚೆನ್ನಾಗಿತ್ತು. ಅದೇ ನನಗೆ ಅನುಮಾನ ತಂದಿತು. ಬ್ಯಾಂಕಿನಲ್ಲಿ ಲೆಡ್ಜರ್ ನೋಡಿ ನೋಡಿ ಒಂದು ಅಭ್ಯಾಸ. ಒಂದು ಪುಟದಲ್ಲಿ ಇನ್ನೊಬ್ಬರ ಅಕ್ಷರ ಸೇರಿದರೆ ಕಣ್ಣು ತಟ್ಟನೆ ಅಲ್ಲಿ ನಿಲ್ಲುತ್ತದೆ. ನಮ್ಮ ಮನೆಯ ಹುಡುಗಿ 'ಪ್ರಾಗೈತಿಹಾಸಿಕ ಪರಿಪ್ರೇಕ್ಷ್ಯದಲ್ಲಿ' ಎಂದು ಬರೆಯುವವಳಲ್ಲ.

"ನೀ ಆ ಕಲ್ಲು ನೋಡೀಯೇನು?" ಎಂದು ಕೇಳಿದೆ.

"ಇಲ್ಲ ಮುತ್ಯಾ. ಫೋಟೋ ನೋಡೀನಿ."

"ಮತ್ತ ಇದು ಬರದವರು ಯಾರು?"

ಅವಳು ಸುಮ್ಮನಾದಳು. ಕಣ್ಣಲ್ಲಿ ನೀರು ಬಂತು. ಮೂರು ಕಡೆಯಿಂದ ಮೂರು ತುಂಡು ತಂದು ಹೊಲಿದಿದ್ದಳು. ಎಲ್ಲರೂ ಹೀಗೇ ಮಾಡುತ್ತಾರೆ ಎಂದಳು.

ನಾನು ಬೈಯಲಿಲ್ಲ. ಎರಡು ವರ್ಷ ಹಳೆಯ ಕಾಗದ ಹಂಚಿದವನಿಗೆ ಬೈಯುವ ಬಾಯಿ ಎಲ್ಲಿ? ಇಷ್ಟು ಮಾತ್ರ ಹೇಳಿದೆ: "ಇನ್ನೊಬ್ಬರ ಚೆಕ್ಕಿಗೆ ನಿನ್ನ ಸಹಿ ಹಾಕಿದರ ಬ್ಯಾಂಕಿನಾಗ ಅದಕ್ಕ ಏನಂತಾರ, ನಿನಗ ಗೊತ್ತದ."

ಇದು ಬರೀ ನೀತಿಪಾಠವಲ್ಲ ಮಕ್ಕಳೇ, ನಿಯಮವೂ ಹೌದು. ಯುಜಿಸಿ 2018ರಲ್ಲಿ ಕೃತಿಚೌರ್ಯದ ಬಗ್ಗೆ ಕಟ್ಟುನಿಟ್ಟಾದ ನಿಯಮ ತಂದಿದೆ. ಸಂಶೋಧನಾ ಪ್ರಬಂಧದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಬೇರೆಯವರ ಬರಹಕ್ಕೆ ಹೋಲಿದರೆ ತಿದ್ದಿ ಬರೆಯಬೇಕು. ಶೇಕಡಾ 60 ಮೀರಿದರೆ ಆ ವಿದ್ಯಾರ್ಥಿಯ ನೋಂದಣಿಯೇ ರದ್ದು. ಇಂಥ ಹೋಲಿಕೆಯನ್ನು ಹುಡುಕುವ ತಂತ್ರಾಂಶಗಳೂ ಇವೆ. ನನ್ನ ಕಣ್ಣು ತಪ್ಪಿಸಿದರೂ ಅವುಗಳ ಕಣ್ಣು ತಪ್ಪಿಸುವುದು ಕಷ್ಟ. ಬೇರೆಯವರ ಮಾತು ಬೇಕೆಂದರೆ ಬಳಸಿ, ಆದರೆ 'ಇದು ಇಂಥವರದು' ಎಂದು ಹೆಸರು ಹೇಳಿ. ಹೆಸರು ಹೇಳಿದರೆ ಸಾಲ, ಹೇಳದಿದ್ದರೆ ಕಳವು.

ಮರುದಿನ ಭಾನುವಾರ. ಬುತ್ತಿ ಕಟ್ಟಿಕೊಂಡು ಮುತ್ಯಾ ಮೊಮ್ಮಗಳು ಇಬ್ಬರೂ ವಿಭೂತಿಹಳ್ಳಿಗೆ ಹೊರಟೆವು.

ಅಕ್ಷರಕ್ಕೂ ಅಂಕೆಗೂ ತಾಳೆ

ಅಲ್ಲಿ ಹೋಗಿ ನಾವು ಮಾಡಿದ ಮೊದಲ ಕೆಲಸ ಎಣಿಸುವುದು. ಒಂದು ಸಾಲು ಆರಿಸಿಕೊಂಡು ಈ ತುದಿಯಿಂದ ಅವಳು, ಆ ತುದಿಯಿಂದ ನಾನು. ಅವಳ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಎರಡು ಕಲ್ಲಿನ ವ್ಯತ್ಯಾಸ ಬಂತು. ಮತ್ತೆ ಎಣಿಸಿದೆವು. ಈ ಸಲ ಒಂದು ಕಲ್ಲು. ಒಂದು ಕಲ್ಲು ಮಣ್ಣಿನಲ್ಲಿ ಹುದುಗಿ ನೆತ್ತಿ ಮಾತ್ರ ಕಾಣುತ್ತಿತ್ತು. ಅದನ್ನು ನಾನು ಎಣಿಸಿದ್ದೆ, ಅವಳು ಬಿಟ್ಟಿದ್ದಳು. "ಯಾವುದು ಬರೀಲಿ ಮುತ್ಯಾ?" ಎಂದಳು. "ಎರಡೂ ಬರಿ. ಯಾಕ ವ್ಯತ್ಯಾಸ ಬಂತು ಅದನ್ನೂ ಬರಿ" ಎಂದೆ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ತಪ್ಪು ಎಲ್ಲಿದೆ ಎಂದು ಸಿಗುವವರೆಗೆ ಹುಡುಕುತ್ತಿದ್ದೆವು.

ಮನೆಗೆ ಬಂದು ಅಂತರ್ಜಾಲ ತೆರೆದೆವು. ಈಗ ಹುಡುಕುವ ರೀತಿಯೇ ಬೇರೆಯಾಗಿತ್ತು, ಏಕೆಂದರೆ ನಮ್ಮ ಹತ್ತಿರ ನಮ್ಮದೇ ಪ್ರಶ್ನೆಗಳಿದ್ದವು. ಈ ಕಲ್ಲುಗಳ ಬಗ್ಗೆ ಹಿಂದೆಯೇ ಬರೆದವನು ಮೆಡೋಸ್ ಟೇಲರ್. ಅವನು 1841ರಲ್ಲಿ ಸುರಪುರಕ್ಕೆ ಬಂದು, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ. ಅವನು ತೀರಿಕೊಂಡದ್ದು 1876ರಲ್ಲಿ. ಅವನ ಆತ್ಮಕಥೆ ಅಚ್ಚಾದದ್ದು ಮರುವರ್ಷ. ಸುರಪುರದ ಕಥೆಯಿರುವ ಆ ಪುಸ್ತಕವನ್ನು ಸುರಪುರದ ಪಕ್ಕದಲ್ಲಿದ್ದೂ ನಾನು ಎಪ್ಪತ್ತು ವರ್ಷ ಕಣ್ಣಿಂದ ಕಂಡಿರಲಿಲ್ಲ. ಮೊಮ್ಮಗಳು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ತಾಣದಲ್ಲಿ ಅದರ ಪುಟ ತೆರೆದು ಕೊಟ್ಟಾಗ, ಸುಳ್ಳೇಕೆ ಹೇಳಲಿ, ನನ್ನ ಕೈ ನಡುಗಿತು.

ಆದರೆ ಅಲ್ಲಿಯೂ ತಾಳೆ ನೋಡಬೇಕಾಯಿತು. ಟೇಲರ್ ಈ ಸೀಮೆಯ ಕಲ್ಲಿನ ಗೋರಿಗಳನ್ನೂ ಸಾಲುಗಳನ್ನೂ ತನ್ನ ದೇಶದ ಕಡೆಯ ಕೆಲ್ಟ್ ಜನರ ಕಲ್ಲುಗಳಿಗೆ ಹೋಲಿಸಿದ. ಆ ಜನವೇ ಇಲ್ಲಿಗೂ ನಂಟು ಎಂಬಂತೆ ಬರೆದ. ಇಂದಿನ ಪುರಾತತ್ತ್ವಜ್ಞರು ಅದನ್ನು ಒಪ್ಪುವುದಿಲ್ಲ. ಇವು ದಕ್ಷಿಣ ಭಾರತದ ಕಬ್ಬಿಣ ಯುಗದ ಇಲ್ಲಿನ ಜನರದೇ ಕೆಲಸ ಎನ್ನುತ್ತಾರೆ. ಟೇಲರ್ ಕಣ್ಣಾರೆ ಕಂಡು ಬರೆದ ವಿವರ ಬೆಲೆಯುಳ್ಳದ್ದು, ಅವನ ತೀರ್ಮಾನ ಹಳೆಯದು. ಒಂದೇ ಪುಸ್ತಕದಲ್ಲಿ ನಡೆಯುವ ಚೆಕ್ಕೂ ಇರಬಹುದು, ಅವಧಿ ಮುಗಿದ ಚೆಕ್ಕೂ ಇರಬಹುದು!

ಇನ್ನೂ ಹುಡುಕಿದಾಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಅವರ ಹೆಸರು ಸಿಕ್ಕಿತು. ವಿಭೂತಿಹಳ್ಳಿಯ ಸಾಲುಗಳ ದಿಕ್ಕಿಗೂ ಸೂರ್ಯ ಹುಟ್ಟಿ ಮುಳುಗುವ ದಿಕ್ಕಿಗೂ ಏನು ನಂಟು ಎಂದು ಅವರು ಪರಿಶೀಲಿಸಿದ್ದಾರೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ವರ್ಷಗಟ್ಟಲೆ ಓಡಾಡಿ ಆದಿಮಾನವನ ಕಲ್ಲಿನ ಆಯುಧಗಳನ್ನು ಹುಡುಕಿದ್ದಾರೆ. ಅಲ್ಲಿನ ಇಸಾಂಪುರದ ನೆಲೆ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಲೆಕ್ಕ ಹಾಕಿದ್ದಾರೆ. ನಾವು ಎಮ್ಮೆ ಮೇಯಿಸುವ ನೆಲದ ಬಗ್ಗೆ ಪುಣೆ, ಬೆಂಗಳೂರಿನವರು ಇಷ್ಟೆಲ್ಲ ಬರೆದಿದ್ದಾರೆ. ಆದರೆ ಬಹುಪಾಲು ಇಂಗ್ಲಿಷಿನಲ್ಲಿ. ನಮ್ಮ ಹಳ್ಳಿಯ ಶಾಲೆಯ ಮಗು ಓದುವಂತೆ ಕನ್ನಡದಲ್ಲಿ ಬರೆಯುವವರು ಯಾರು?

ಇಲ್ಲಿಯೇ ಬ್ಲಾಗಿನ ದೊಡ್ಡ ಉಪಯೋಗ ನನಗೆ ಕಂಡದ್ದು. ಪರೀಕ್ಷೆಯ ಉತ್ತರಪತ್ರಿಕೆಯನ್ನು ಒಬ್ಬರು ಓದುತ್ತಾರೆ, ಆಮೇಲೆ ಅದು ರದ್ದಿಗೆ ಹೋಗುತ್ತದೆ. ಬ್ಲಾಗಿನಲ್ಲಿ ಬರೆದದ್ದು ಊರಿಗೆ ಉಳಿಯುತ್ತದೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ ಭಾಷಾ ತರಗತಿಯ ಮಕ್ಕಳು ಪಾಠದ ಭಾಗವಾಗಿಯೇ ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆದರು. ಆ ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿದ್ದೇ ಇಂಥ ಸ್ವಯಂಸೇವಕರ ಕೈಯಿಂದ. 'ವಚನ ಸಂಚಯ' ಎಂಬ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದು ಪದ ಕೊಟ್ಟರೆ ಯಾವ ಯಾವ ವಚನಕಾರರು ಅದನ್ನು ಬಳಸಿದ್ದಾರೆ ಎಂದು ಕ್ಷಣದಲ್ಲಿ ತೋರಿಸುತ್ತದೆ. ನಮ್ಮ ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನನ್ನು ನಾನು ಈಗ ದಿನಾ ಬೆಳಗ್ಗೆ ಅಲ್ಲಿಯೇ ಓದುವುದು. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದಲ್ಲ!

ತಪ್ಪಿದರೆ ಗೀಟು, ಪಕ್ಕದಲ್ಲಿ ಸಹಿ

ಮೊಮ್ಮಗಳ ಹೊಸ ಬರಹ ಒಂದೂವರೆ ಪುಟ. ಮೊದಲಿನಷ್ಟು ಗಾಂಭೀರ್ಯವಿಲ್ಲ. ಬಿಸಿಲು, ಕಲ್ಲಿನ ಎಣಿಕೆ, ಮಣ್ಣಲ್ಲಿ ಹುದುಗಿದ ಕಲ್ಲಿನ ನೆತ್ತಿ, ಟೇಲರ್ ಹೇಳಿದ್ದೇನು, ಈಗಿನವರು ಹೇಳುವುದೇನು, ಎಲ್ಲ ಇತ್ತು. ಕೊನೆಗೆ ಯಾರಿಂದ ಏನು ತಿಳಿಯಿತೆಂದು ಹೆಸರುಗಳಿದ್ದವು. ಬ್ಲಾಗಿಗೆ ಹಾಕಿದ ಮೂರನೆಯ ದಿನ ಓದಿದ ಹಿರಿಯರೊಬ್ಬರು, ಅವಳು ಕೊಟ್ಟ ಒಂದು ದಿಕ್ಕು ತಪ್ಪಾಗಿದೆ ಎಂದು ತಿಳಿಸಿದರು. ಅವಳು ಗಾಬರಿಯಿಂದ ಆ ಸಾಲನ್ನೇ ಅಳಿಸಲು ಹೊರಟಳು. ನಾನು ತಡೆದೆ.

ಲೆಡ್ಜರಿನಲ್ಲಿ ತಪ್ಪಾದರೆ ರಬ್ಬರಿನಿಂದ ಅಳಿಸುವಂತಿಲ್ಲ. ತಪ್ಪಿನ ಮೇಲೆ ಒಂದು ಗೀಟು ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಅಳಿಸಿದ ಲೆಕ್ಕವನ್ನು ಯಾರೂ ನಂಬುವುದಿಲ್ಲ, ತಿದ್ದಿದ ಲೆಕ್ಕವನ್ನು ಎಲ್ಲರೂ ನಂಬುತ್ತಾರೆ. ಅವಳು ಹಾಗೆಯೇ ಮಾಡಿದಳು. ಇಂಥ ದಿನ ಇದನ್ನು ತಿದ್ದಿದ್ದೇನೆ ಎಂದು ಬರೆದು, ತಿಳಿಸಿದವರಿಗೆ ವಂದನೆ ಹೇಳಿದಳು.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಿಬಿಡುತ್ತೇನೆ. ಬ್ಲಾಗಿನಲ್ಲಿ ಊರಿನ ವಿಷಯ ಬರೆಯಿರಿ, ಮನೆಯ ವಿಷಯ ಬೇಡ. ಫೋನ್ ನಂಬರು, ಹಾಲ್ ಟಿಕೆಟ್ಟು, ಅಂಕಪಟ್ಟಿಯ ಫೋಟೋ ಯಾವುದನ್ನೂ ಹಾಕಬೇಡಿ. ಫೋನಿಗೆ ಬಂದ ಓಟಿಪಿಯನ್ನು, ಕೇಳಿದವರು ಕುಲಪತಿಗಳೇ ಆಗಿರಲಿ, ಹೇಳಬೇಡಿ. ಇದು ಬ್ಯಾಂಕಿನವನ ಮಾತು, ಕಣ್ಣು ಮುಚ್ಚಿ ನಂಬಬಹುದು.

ಇನ್ನು ಪಕ್ಕದ ಮನೆಯ ಹುಡುಗ. ಉಳಿದ ಪೇಪರನ್ನು ಮುಂದಿನ ಸಲ ಬರೆದು ಪಾಸಾದ. ಒಂದು ವರ್ಷ ತಡವಾಗಿ ಬಿ.ಇಡಿ. ಸೇರಿದ. ಆ ವರ್ಷವನ್ನು ನಾನು ಯಾವ ಖಾತೆಯಿಂದಲೂ ಅವನಿಗೆ ಮರಳಿ ಕೊಡಲಾರೆ. ಅವನ ಮುಂದೆ ಕೂತು ತಪ್ಪಾಯಿತಪ್ಪಾ ಎಂದೆ. ಅವನು ನಕ್ಕು, "ನಾನೂ ತಾರೀಖು ನೋಡಲಿಲ್ಲಲ್ಲ ಮುತ್ಯಾ" ಎಂದ.

ಅವನೂ ಈಗ ಒಂದು ಬ್ಲಾಗು ನಡೆಸುತ್ತಾನೆ. ಪದವಿಯ ಕೊನೆಯ ವರ್ಷದ ಮಕ್ಕಳಿಗಾಗಿ ಪರೀಕ್ಷೆ, ಅರ್ಜಿ, ವಿದ್ಯಾರ್ಥಿವೇತನದ ಸುದ್ದಿಗಳನ್ನು ಹಾಕುತ್ತಾನೆ. ಪ್ರತಿ ಸುದ್ದಿಯ ನೆತ್ತಿಯ ಮೇಲೆ, ಎಲ್ಲರಿಗಿಂತ ದಪ್ಪ ಅಕ್ಷರದಲ್ಲಿ, ಎರಡು ಸಾಲು ಇರುತ್ತವೆ: ಸುತ್ತೋಲೆಯ ತಾರೀಖು ಇಂಥದ್ದು, ವಿಶ್ವವಿದ್ಯಾಲಯದ ತಾಣದಲ್ಲಿ ನಾನು ನೋಡಿದ ತಾರೀಖು ಇಂಥದ್ದು. ಅಕ್ಷರ ಯಾಕೆ ಅಷ್ಟು ದಪ್ಪ ಎಂದು ಒಮ್ಮೆ ಕೇಳಿದೆ.

"ಕನ್ನಡಕ ಮಂಚದ ಮ್ಯಾಲ ಬಿಟ್ಟು ಬಂದವರಿಗೂ ಕಾಣ್ಲಿ ಅಂತ" ಎಂದ.